ಆರು ಕಿಟಕಿಯ ಗಾಜು

ನಿಜಾಮುದ್ದೀನರು ಯಾವ ಗಾಜನ್ನೇ ಮಾಡಿಕೊಡಲಿ, ಕೈಗೆ ಕೊಡುವ ಮೊದಲು ಅದರ ಐಬು ಹೇಳುತ್ತಿದ್ದರು. ಇಂಥ ಮನುಷ್ಯ ವ್ಯಾಪಾರಕ್ಕೆ ಇಳಿದಿದ್ದರೆ ಮೂರೇ ತಿಂಗಳಲ್ಲಿ ಅಂಗಡಿಗೆ ಬೀಗ ಬೀಳುತ್ತಿತ್ತು. ಪುಣ್ಯಕ್ಕೆ ಅವರು ನೌಕರಿ ಹಿಡಿದರು. ಘಾಟ್ಕೋಪರ್ ಮತ್ತು ವಿದ್ಯಾವಿಹಾರ ಸ್ಟೇಷನ್ನುಗಳ ನಡುವೆ, ರೈಲು ಹಳಿಯಿಂದ ಎಂಬತ್ತು ಹೆಜ್ಜೆ ದೂರದಲ್ಲಿ, ಒಂದು ಸಂಶೋಧನಾ ಸಂಸ್ಥೆಗೆ ಸೇರಿದ ಹಳೆಯ ಶೆಡ್ಡಿತ್ತು. ಅದರ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೈದು ವರ್ಷ ಬೆಂಕಿಯೆದುರು ಕೂತು ಅವರು ವಿಜ್ಞಾನಿಗಳಿಗೆ ಬೇಕಾದ ಗಾಜಿನ ಸಾಮಾನು ಊದಿಕೊಟ್ಟರು.

ಮೂಲ ಗದಗಿನವರು. ಅಪ್ಪ ಮದುವೆ ಮೆರವಣಿಗೆಗಳಿಗೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದ. ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಯ ಭಾಯಖಳಾದಲ್ಲಿದ್ದ ಮಾವನ ಮನೆಗೆ ಬಂದವರು ಇಂಜೆಕ್ಷನ್ ಸೀಸೆಯ ಕಾರ್ಖಾನೆ ಸೇರಿದರು. ಅಲ್ಲಿಂದ ಅಂಗಡಿಗಳ ನಿಯಾನ್ ಬೋರ್ಡು, ಅಲ್ಲಿಂದ ಥರ್ಮಾಸ್ ಫ್ಲಾಸ್ಕು, ಕೊನೆಗೆ ಈ ಶೆಡ್ಡು. ಕಾರ್ಖಾನೆಯ ಉಸ್ತಾದ ಒಬ್ಬ ವಿಚಿತ್ರ ಮನುಷ್ಯ. ತಾನು ಮಾಡಿದ ಪ್ರತಿಯೊಂದು ಸಾಮಾನಿನ ಕೊರತೆಯನ್ನು ಮಾಡಿದವನೇ ಬರೆದಿಡಬೇಕು, ಇನ್ನೊಬ್ಬ ಹುಡುಕಿ ತೋರಿಸಿದರೆ ಮಾನ ಹೋಯಿತು ಅನ್ನುವುದು ಅವನ ಹಟ. ಉಳಿದ ಶಿಷ್ಯರು ಅವನ ಬೆನ್ನ ಹಿಂದೆ ನಕ್ಕು ಸುಮ್ಮನಾದರು. ನಿಜಾಮುದ್ದೀನರು ಮಾತ್ರ ಒಂದು ವಹಿ ಹೊಲಿಸಿಕೊಂಡು ಅಂದಿನಿಂದ ಬರೆಯುತ್ತ ಹೋದರು. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ, ಯಾವ ಗಾಜು, ಯಾವ ದಿನ, ಎಲ್ಲಿ ಕೈ ಜಾರಿತು, ಎಲ್ಲಿ ಉಸಿರು ಸಾಲಲಿಲ್ಲ ಎಂದು ಬರೆಯುವರು. ತಮ್ಮ ಹೊಗಳಿಕೆ ಒಂದು ಸಾಲೂ ಅದರಲ್ಲಿಲ್ಲ.

ಆ ಶೆಡ್ಡಿಗೆ ಅಲಮೇಲು ಬಂದದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ. ಮೈಸೂರಿನ ಕಡೆಯವಳು, ಮೂವತ್ತನಾಲ್ಕು ವರ್ಷ, ಚೆಂಬೂರಿನಲ್ಲಿ ಸಂಸಾರ. ದೊಡ್ಡ ಡಿಗ್ರಿ ಇದ್ದರೂ ಮಾತಿನಲ್ಲಿ ಜಂಬವಿಲ್ಲ. ಅವಳ ಕೈಕೆಳಗೆ ನಂಜನಗೂಡಿನ ನಂಜುಂಡ ಎಂಬ ಸಂಶೋಧಕ. ಇಬ್ಬರೂ ಸೇರಿ ಪರಮಾಣುಗಳನ್ನು ಹಿಡಿದು ನಿಲ್ಲಿಸುತ್ತೇವೆ ಎಂದು ಹೊರಟಿದ್ದರು. ಹೀಗೆ ನಿಂತ ಪರಮಾಣುಗಳಿಂದ, ಲಕ್ಷಾಂತರ ವರ್ಷಕ್ಕೆ ಒಂದು ಸೆಕೆಂಡೂ ತಪ್ಪದ ಗಡಿಯಾರ ಮಾಡಬಹುದಂತೆ. ಅದಕ್ಕೊಂದು ಗಾಜಿನ ಡಬ್ಬಿ ಬೇಕು. ವಿದೇಶದಿಂದ ತರಿಸೋಣವೆಂದರೆ ಅದು ದೇಶದ ಬೊಕ್ಕಸದಲ್ಲಿ ಡಾಲರಿಗೆ ಬರ ಬಂದ ವರ್ಷ. ಅರ್ಜಿ ಹೋದ ದಾರಿಯಲ್ಲೇ ವಾಪಸು ಬಂತು. ಆಗ ಅಲಮೇಲು ಹಿಂಬದಿಯ ಕೋಣೆಗೆ ನಡೆದು ಬಂದು ಒಂದು ಚಿತ್ರವನ್ನು ಮೇಜಿನ ಮೇಲೆ ಹರಡಿದಳು.

"ಚಾಚಾ, ಇಂಥದ್ದೊಂದು ಆಗ್ಬೇಕಲ್ಲ. ಆರು ದಿಕ್ಕಿಗೂ ಒಂದೊಂದು ಕಿಟಕಿ. ಆರರಿಂದ್ಲೂ ಲೇಸರ್ ಬೆಳಕು ಒಳಗೆ ಹೋಗಿ ನಡುವೆ ಸೇರ್ಬೇಕು. ಒಳಗೆ ಗಾಳಿ ಅನ್ನೋದು ಇರ್ಲೇಬಾರ್ದು."

"ಬೆಳಕಿನಿಂದ ಏನ ಆಗತದ್ರಿ?" ಎಂದರು ನಿಜಾಮುದ್ದೀನರು. ತಿಳಿಯದ ಕೆಲಸಕ್ಕೆ ಅವರು ಕೈ ಹಾಕುತ್ತಿರಲಿಲ್ಲ.

ಅಲಮೇಲು ಕೂತು ಹೇಳಿದಳು. ಡಬ್ಬಿಯೊಳಗೆ ರುಬಿಡಿಯಂ ಎಂಬ ಲೋಹದ ಒಂದಿಷ್ಟು ಆವಿ ಇರುತ್ತದೆ. ಅದರ ಪರಮಾಣುಗಳು ಸೆಕೆಂಡಿಗೆ ಮುನ್ನೂರು ಮೀಟರು ಓಡುತ್ತವೆ. ಎದುರಿನಿಂದ ತಕ್ಕ ಬಣ್ಣದ ಬೆಳಕು ಬಿಟ್ಟರೆ ಅದು ಅವನ್ನು ಸಣ್ಣಗೆ ತಳ್ಳುತ್ತದೆ. ಹೀಗೆ ಆರು ಕಡೆಯಿಂದಲೂ ತಳ್ಳಿಸಿಕೊಂಡು ಅವು ನಿಧಾನವಾಗುತ್ತವೆ. ಪರಮಾಣು ನಿಧಾನವಾಯಿತು ಎಂದರೂ ತಣ್ಣಗಾಯಿತು ಎಂದರೂ ಒಂದೇ. ಈ ಜಗತ್ತಿನಲ್ಲಿ ಇದಕ್ಕಿಂತ ತಣ್ಣಗಿನದು ಇರಲಾರದು ಅನ್ನುವ ಕೊನೆಯ ಗೆರೆಯ ಹತ್ತಿರ ಹತ್ತಿರಕ್ಕೆ ಅವು ಇಳಿಯುತ್ತವೆ.

"ಮತ್ತ ಗಾಜಿನ ಮ್ಯಾಲೆ ಮಂಜು ಕಟ್ಟೂದಿಲ್ಲೇನು?"

"ಇಲ್ಲ ಚಾಚಾ. ಗಾಜು ನಮ್ಮ ಕೈಯಷ್ಟೇ ಬೆಚ್ಚಗಿರುತ್ತೆ. ನಡುವೆ ಏನೂ ಇಲ್ವಲ್ಲ, ಆ ಶಾಖ ಒಳಗೆ ದಾಟೋದಿಲ್ಲ."

"ಅಂದ್ರ ಥರ್ಮಾಸ್ ಅನ್ನ್ರಿ," ಎಂದು ನಿಜಾಮುದ್ದೀನರು ಚಿತ್ರವನ್ನು ತಮ್ಮ ಕಡೆ ಎಳೆದುಕೊಂಡರು. ನನಗಂತೂ ಅಲಮೇಲು ಕೊಟ್ಟ ವಿವರಣೆಗಿಂತ ಇದೇ ಹೆಚ್ಚು ಅರ್ಥವಾಗುತ್ತದೆ.

ಕೆಲಸ ಹೇಳಿದಷ್ಟು ಸುಲಭವಿರಲಿಲ್ಲ. ಕಿಟಕಿಗಳು ಕನ್ನಡಿಯಷ್ಟು ಸಮತಟ್ಟಾಗಿರಬೇಕು, ಆದರೆ ಅವನ್ನು ಡಬ್ಬಿಗೆ ಕೂಡಿಸಬೇಕಾದರೆ ಗಾಜು ಕರಗುವಷ್ಟು ಉರಿ ಬೇಕು. ಉರಿ ಹೆಚ್ಚಾದರೆ ಕಿಟಕಿ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಬೆಸುಗೆ ಕೂಡುವುದಿಲ್ಲ. ಬಾಯಲ್ಲಿ ರಬ್ಬರ್ ನಳಿಗೆ ಕಚ್ಚಿಕೊಂಡು, ಎರಡೂ ಕೈಯಲ್ಲಿ ಗಾಜನ್ನು ತಿರುಗಿಸುತ್ತ, ಇಷ್ಟೇ ಇಷ್ಟು ಉಸಿರು ಬಿಡಬೇಕು. ಐದು ಡಬ್ಬಿಗಳು ಒಡೆದವು. ಆರನೆಯದಕ್ಕೆ ಹನ್ನೊಂದು ದಿನ ಹಿಡಿಯಿತು. ಅದರಲ್ಲಿ ಕೊನೆಯ ಕಿಟಕಿ ಕೂಡಿಸುವಾಗ ನಡುವೆಯೇ ಗ್ಯಾಸ್ ಸಿಲಿಂಡರು ಖಾಲಿಯಾಗಿ, ನೀಲಿ ಉರಿ ಹಳದಿಗೆ ತಿರುಗಿ, ಬೆಸುಗೆ ಅರ್ಧಕ್ಕೆ ನಿಂತಿತು. ಸಿಲಿಂಡರು ಬದಲಿಸಿ ಅದೇ ಜಾಗವನ್ನು ಎರಡನೆಯ ಸಲ ಕಾಯಿಸಿ ಕೂಡಿಸಿದರು. ಡಬ್ಬಿಯನ್ನು ಒಲೆಯಲ್ಲಿಟ್ಟು ನಿಧಾನವಾಗಿ ಆರಿಸಿ ತೆಗೆದಾಗ ಎಲ್ಲಿಯೂ ಒಂದು ಗೀರಿಲ್ಲ. ಆದರೂ ವಹಿಯಲ್ಲಿ ಬರೆದರು: 'ಆರನೇ ಕಿಟಕಿ. ಗ್ಯಾಸ ಮುಗಿದು ಎರಡು ಸಲ ಕಾಯಿಸಿದೆ. ಪೂರ್ತಿ ಭರವಸೆ ಇಲ್ಲ.'

ಮುಂದಿನ ಫೆಬ್ರುವರಿಯ ಒಂದು ಮಧ್ಯಾಹ್ನ ನಂಜುಂಡ ಅವರನ್ನು ಕೈಹಿಡಿದು ಎಳೆದುಕೊಂಡು ಹೋದ. ಡಬ್ಬಿಗೆ ಎದುರಾಗಿ ಒಂದು ಕ್ಯಾಮರಾ ಇತ್ತು, ಅದರ ಪಕ್ಕ ಒಂದು ಪುಟ್ಟ ಟಿವಿ. ಕಪ್ಪು ಪರದೆಯ ನಟ್ಟನಡುವೆ ಕಡಲೆಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆಯೊಂದು ಅಲುಗದೆ ನಿಂತಿತ್ತು.

"ಒಂದು ಕೋಟಿ ಪರಮಾಣು ಇದೆ ಚಾಚಾ, ಅಲ್ಲಿ," ಎಂದಳು ಅಲಮೇಲು. ಅವಳ ಕಣ್ಣು ತುಂಬಿತ್ತು.

"ಒಂದ ಕೋಟಿ ಮಂದಿ ಒಂದ ಡಬ್ಬಿಯೊಳಗ. ನಮ್ಮ ಲೋಕಲ್ ಇದ್ದಂಗ ಆತಲ್ರಿ," ಎಂದು ನಿಜಾಮುದ್ದೀನರು ನಕ್ಕರು. ಆದರೆ ಅಂದು ಮುಂಬ್ರಾದ ಚಾಳಿನ ಮನೆಗೆ ಹೋದವರು ಊಟಕ್ಕೆ ಕೂತಾಗ ಹೆಂಡತಿ ಅಖ್ತರಿಯ ಮುಂದೆ ಆ ಚುಕ್ಕೆಯನ್ನು ಮೂರು ಸಲ ವರ್ಣಿಸಿದರು. ಮೂರನೆಯ ಸಲ ಅದು ಕಡಲೆಯಿಂದ ಬಟಾಣಿಯ ಗಾತ್ರಕ್ಕೆ ಬೆಳೆದಿತ್ತು.

ಅಲ್ಲಿಗೇ ಕಥೆ ಮುಗಿದಿದ್ದರೆ ಎಲ್ಲರಿಗೂ ಸುಖವಿತ್ತು. ಚುಕ್ಕೆಯನ್ನು ಹಿಡಿದಿದ್ದು ಬೆಳಕು ಮಾತ್ರವಲ್ಲ, ಡಬ್ಬಿಯ ಎರಡು ಬದಿಗೆ ಸುತ್ತಿದ ತಾಮ್ರದ ತಂತಿಯ ಸುರುಳಿಗಳು ಕೂಡ. ಅವುಗಳಲ್ಲಿ ಕರೆಂಟು ಹರಿದಾಗ ಅವು ಅಯಸ್ಕಾಂತದಂತೆ ಕೆಲಸ ಮಾಡುತ್ತಿದ್ದವು. ಮುಂದಿನ ಹೆಜ್ಜೆಯಲ್ಲಿ ಆ ಸುರುಳಿಗಳನ್ನು ಆರಿಸಿ, ಬರೀ ಬೆಳಕಿನಲ್ಲಿ ಚುಕ್ಕೆ ಇನ್ನಷ್ಟು ತಣ್ಣಗಾಗುವುದನ್ನು ಅಳೆಯಬೇಕಿತ್ತು. ಸುರುಳಿ ಆರಿಸಿದ ಮೇಲೂ ಚುಕ್ಕೆ ಇದ್ದಲ್ಲೇ ಇರಬೇಕು. ಆದರೆ ಅದು ಒಮ್ಮೆ ಎಡಕ್ಕೆ ಜಾರಿತು, ಒಮ್ಮೆ ಬಲಕ್ಕೆ ಜಾರಿತು, ಒಮ್ಮೊಮ್ಮೆ ನೆಟ್ಟಗೆ ನಿಂತಿತು. ಜಾರಿದ್ದನ್ನು ಗುರುತಿಸಲು ಒಂದು ಪೆನ್ನಿನ ಯಂತ್ರವಿತ್ತು. ಉದ್ದನೆಯ ಕಾಗದದ ಸುರುಳಿ ನಿಧಾನವಾಗಿ ಓಡುವುದು, ಚುಕ್ಕೆ ಬಲಕ್ಕೆ ಸರಿದರೆ ಪೆನ್ನು ಮೇಲೆ, ಎಡಕ್ಕೆ ಸರಿದರೆ ಕೆಳಗೆ. ನಾಲ್ಕು ತಿಂಗಳ ಕಾಗದದ ತುಂಬ ಅಂಕುಡೊಂಕು ಗೀಟು.

ಎದುರಿಗೇ ರೈಲು ಓಡುವಾಗ ಮೊದಲ ಅನುಮಾನ ರೈಲಿನ ಮೇಲೆ ಬರಬೇಕು, ಬಂತು ಕೂಡ. ಮೇಜು ಅದುರುತ್ತಿದೆಯೇನೋ ಎಂದು ಅದನ್ನು ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳ ಮೇಲೆ ಕೂರಿಸಿದರು. ಮೇಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು ನೋಡಿದರು. ಗಾಡಿ ಹೋದಾಗ ನೀರು ಕದಲಲಿಲ್ಲ. ಗಾಡಿ ಶೆಡ್ಡಿನ ಮುಂದೆ ಹಾದುಹೋಗುವ ಹೊತ್ತಿಗೂ ಪೆನ್ನು ಹಾರುವ ಹೊತ್ತಿಗೂ ತಾಳೆಯಾಗಲಿಲ್ಲ. ರೈಲಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು.

ಜುಲೈ ಮೊದಲ ವಾರ ಹೊರಗಿನಿಂದ ಒಬ್ಬ ತಜ್ಞರು ಬಂದರು. ಡಬ್ಬಿ ನೋಡಿ ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಇಲ್ಲೇ, ಕೈಯಲ್ಲೇ ಮಾಡಿದ್ದು ಎಂದಾಗ ಅವರ ಮುಖದಲ್ಲಿ ಉತ್ತರ ಸಿಕ್ಕ ಸಮಾಧಾನ ಕಾಣಿಸಿತು. ಬೆಸುಗೆಯಲ್ಲಿ ಎಲ್ಲೋ ಸೂಜಿಮೊನೆಗಿಂತ ಸಣ್ಣ ತೂತಿದೆ, ಅದರಿಂದ ಗಾಳಿಯ ಎಳೆ ಒಳಗೆ ನುಗ್ಗಿ ಚುಕ್ಕೆಯನ್ನು ತಳ್ಳುತ್ತಿದೆ, ಪಂಪಿನ ಮೀಟರಿಗೂ ಸಿಗದಷ್ಟು ಸಣ್ಣ ಸೋರಿಕೆ ಎಂದರು. ಸೋರಿಕೆ ಹುಡುಕುವ ಯಂತ್ರ ಬಿಡಿಭಾಗಕ್ಕೆ ಕಾಯುತ್ತ ಎಂಟು ತಿಂಗಳಿಂದ ಮೂಲೆ ಹಿಡಿದಿತ್ತು. ಹಾಗಾಗಿ ಅವರ ಮಾತನ್ನು ಹೌದು ಅನ್ನಲೂ ಅಲ್ಲ ಅನ್ನಲೂ ದಾರಿಯಿರಲಿಲ್ಲ.

ಈ ಹೊತ್ತಿನಲ್ಲಿ ಬುದ್ಧಿಯಿರುವ ಯಾರಾದರೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ನಿಜಾಮುದ್ದೀನರು ಕೋಣೆಗೆ ಹೋಗಿ ವಹಿ ತಂದರು. ಆ ಪುಟ ತೆಗೆದು ಅಲಮೇಲುವಿನ ಮುಂದಿಟ್ಟರು. "ಇಲ್ಲೆ ಇರಬೇಕ್ರಿ ಮೇಡಮ್ಮಾರ. ಆರನೇದ್ದು. ನಾ ಅವತ್ತ ಬರದಿಟ್ಟೇನಿ."

ಅಲಮೇಲು ಓದಿ ತಲೆಯೆತ್ತಲಿಲ್ಲ. ಆ ಪುಟ ಇಂಗ್ಲಿಷಿಗೆ ಅನುವಾದವಾಗಿ ಫೈಲಿಗೆ ಹೋಯಿತು. ತಪ್ಪು ನನ್ನದು ಎಂಬ ಹೇಳಿಕೆಗೆ ನಿಜಾಮುದ್ದೀನರು ಸಹಿ ಹಾಕಿದರು. ಜುಲೈ ಕೊನೆಯ ಸೋಮವಾರ ಡಬ್ಬಿಯನ್ನು ಕೊಯ್ದು ಬೆಸುಗೆಯನ್ನು ಪರೀಕ್ಷೆಗೆ ಕಳಿಸತಕ್ಕದ್ದು, ಕೊಯ್ಯುವ ಕೆಲಸ ಗಾಜಿನ ಕೋಣೆಯವರದು ಎಂದು ಆದೇಶ ಹೊರಟಿತು. ಅದರ ಕೆಳಗೆ ಸಂಸ್ಥೆಯ ಮುಖ್ಯಸ್ಥರ ಸಹಿಯ ಪಕ್ಕ ಅಲಮೇಲುವಿನದೂ ಇತ್ತು. ಹೊಸ ಡಬ್ಬಿ ಹೊರದೇಶದಿಂದ ಬರಲು ಒಂದೂವರೆ ವರ್ಷ ಬೇಕು, ಅಷ್ಟರಲ್ಲಿ ಅವಳ ಕೆಲಸಕ್ಕೆ ಮಂಜೂರಾದ ಅವಧಿಯೇ ಮುಗಿಯುತ್ತಿತ್ತು.

ಅಂದಿನಿಂದ ಹಿಂಬದಿಯ ಕೋಣೆಯಲ್ಲಿ ಉರಿ ಹತ್ತಲಿಲ್ಲ. ಯಾರಾದರೂ ಒಂದು ನಳಿಗೆ ಬಾಗಿಸಿಕೊಡಿ ಎಂದು ಬಂದರೆ ನಾಳೆ ನೋಡೋಣ ಎನ್ನುವರು. ಐವತ್ತಾರು ವರ್ಷ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಆದೇಶಕ್ಕಿಂತ ಹೆಚ್ಚು ಅವರನ್ನು ತಿಂದದ್ದು ಬೇರೆಯೇ ಮಾತು. ನಲವತ್ತು ವರ್ಷ ನಂಬಿದ ಉಸಿರು ಸರಿಯಾದ ಹೊತ್ತಿನಲ್ಲಿ ಕೈಕೊಟ್ಟಿತು, ಇನ್ನು ಮುಂದೆ ಅದನ್ನು ನಂಬುವುದು ಹೇಗೆ? ಅಖ್ತರಿ ಎರಡು ದಿನ ನೋಡಿದಳು, ಮೂರನೆಯ ದಿನ ತಟ್ಟೆ ಮುಂದಿಟ್ಟು, "ಬೋಲನಾ ನಕೋ ತೋ ನಕೋ ಬೋಲೋ. ಖಾನಾ ತೋ ಖಾಲೋ ಜೀ," ಎಂದಳು. ಮಾತು ಬೇಡವಾದರೆ ಬೇಡ, ಊಟವಾದರೂ ಮಾಡಿ ಎಂದು ಅದರ ಅರ್ಥ. ಅವರು ತಿಂದು ಎದ್ದರು.

ಕೊಯ್ಯುವ ಸೋಮವಾರಕ್ಕೆ ನಾಲ್ಕು ದಿನ ಮುಂಚೆ, ಗುರುವಾರ, ಮುಂಬಯಿಯ ಮಳೆ ತನ್ನ ವಾರ್ಷಿಕ ಪ್ರತಾಪ ತೋರಿಸಿತು. ನಿಜಾಮುದ್ದೀನರು ಬೆಳಿಗ್ಗೆ ಹೇಗೋ ಬಂದು ಸೇರಿದರು. ಹನ್ನೊಂದರ ಹೊತ್ತಿಗೆ ಕುರ್ಲಾದಲ್ಲಿ ಹಳಿಯ ಮೇಲೆ ಮೊಣಕಾಲುದ್ದ ನೀರು ನಿಂತು ಎರಡೂ ಕಡೆಯ ಲೋಕಲ್ ಬಂದಾದವು. ಶೆಡ್ಡಿನಲ್ಲಿ ಉಳಿದವರು ಮೂವರೇ. ಚಹಾ ಮಾಡಿಕೊಂಡು ನಂಜುಂಡ ಎಂದಿನಂತೆ ಯಂತ್ರ ಓಡಿಸುತ್ತ ಕೂತ. ಎರಡು ಗಂಟೆಯ ಹೊತ್ತಿಗೆ ಅವನೇ ಎಲ್ಲರನ್ನೂ ಕರೆದ. ಹನ್ನೊಂದೂ ಇಪ್ಪತ್ತರಿಂದ ಪೆನ್ನು ಅಲುಗಿರಲಿಲ್ಲ. ಅಡಿಕೋಲು ಇಟ್ಟು ಎಳೆದಂತೆ ಒಂದೇ ಗೀಟು.

"ಮಳೆ ಚಾಚಾ," ಎಂದ ನಂಜುಂಡ. "ಥಂಡಿಗೆ ತೂತಿನಲ್ಲಿ ನೀರು ಕೂತು ಅದು ಮುಚ್ಕೊಂಡಿದೆ."

ನಿಜಾಮುದ್ದೀನರಿಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಒಪ್ಪಿಕೊಂಡದ್ದು ನಿಜ, ಆದರೆ ಗಾಜಿನ ಬಗ್ಗೆ ತಲೆಬುಡವಿಲ್ಲದ ಮಾತನ್ನು ಕೇಳಿಸಿಕೊಂಡಿರುವ ಸಹನೆ ಅವರಿಗಿರಲಿಲ್ಲ. "ನೀರು ಕೂತಿದ್ರ ಒಳಗ ಎಳಕೊಳ್ತದೋ ಮಾರಾಯಾ. ನಿನ್ನ ಚುಕ್ಕಿ ಆಗಿಂದಾಗ ಸತ್ತ ಹೋಗತಿತ್ತು," ಎಂದು ಹೇಳಿ, ಕೊಡೆ ತೆಗೆದುಕೊಂಡು ಸ್ಟೇಷನ್ನಿನ ಕಡೆ ನಡೆದುಬಿಟ್ಟರು. ಮನೆಗೆ ಹೋಗಲು ಗಾಡಿ ಶುರುವಾಯಿತೇ ನೋಡಬೇಕಿತ್ತು.

ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಜನವೋ ಜನ. ಅರ್ಧ ಗಂಟೆ ಕಾದ ಮೇಲೆ, ಬೆಳಿಗ್ಗೆಯಿಂದ ಅಲ್ಲೇ ಸಿಕ್ಕಿಕೊಂಡಿದ್ದ ಒಂದು ಸ್ಲೋ ಗಾಡಿ ಥಾಣೆಗೆ ಹೊರಟಿತು. ಗಡಿಯಾರ ನೋಡಿದರು, ಮೂರೂ ಹನ್ನೆರಡು. ಹತ್ತಲು ಜಾಗವಿರಲಿಲ್ಲ. ಹಾಗೆಯೇ ನಿಂತಿದ್ದ ಇನ್ನೊಂದು ಗಾಡಿ ಮೂರೂ ಮೂವತ್ತೊಂದಕ್ಕೆ ಹೊರಟಿತು, ಅದರಲ್ಲೂ ಇಲ್ಲ. ಜೇಬಿನಲ್ಲಿ ಕನ್ನಡಕ ಸಿಗದೆ ಅದನ್ನು ಶೆಡ್ಡಿನಲ್ಲೇ ಬಿಟ್ಟದ್ದು ನೆನಪಾಗಿ ವಾಪಸು ಬಂದರು.

ಕನ್ನಡಕ ಪೆನ್ನಿನ ಯಂತ್ರದ ಪಕ್ಕದಲ್ಲಿತ್ತು. ಹಾಕಿಕೊಂಡವರ ಕಣ್ಣಿಗೆ ಮೊದಲು ಬಿದ್ದದ್ದು ಕಾಗದ. ನಾಲ್ಕು ತಾಸಿನ ನೆಟ್ಟನೆಯ ಗೀಟಿನ ಕೊನೆಗೆ ಗುಬ್ಬಿ ಕೂತಂತೆ ಎರಡು ಉಬ್ಬುಗಳೆದ್ದಿದ್ದವು. ಕಾಗದದ ಅಂಚಿನಲ್ಲಿ ನಂಜುಂಡ ಹೊತ್ತು ಬರೆಯುತ್ತಿದ್ದ. ಮೊದಲನೆಯದು ಮೂರೂ ಹನ್ನೆರಡು, ಎರಡನೆಯದು ಮೂರೂ ಮೂವತ್ತೊಂದು.

ಅವರು ಕಪಾಟಿನಿಂದ ಹಳೆಯ ಕಾಗದದ ಸುರುಳಿಗಳನ್ನು ತೆಗೆದು ನೆಲದ ಮೇಲೆ ಬಿಚ್ಚಿ ಮಂಡಿಯೂರಿ ಕೂತರು. ಮುಂಬಯಿಯಲ್ಲಿ ದಿನವೂ ಗಾಡಿ ಹಿಡಿಯುವವನಿಗೆ ಗಾಡಿಗಳ ಹೆಸರೇ ಅವು ಹೊರಡುವ ಹೊತ್ತು. ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಗಾಡಿ ತಪ್ಪಿಸಿಕೊಂಡಿದ್ದರೋ, ತಪ್ಪಿದ ಗಾಡಿಯ ನಂತರದ್ದು ಯಾವಾಗ ಎಂದು ಎಷ್ಟು ಸಲ ಲೆಕ್ಕ ಹಾಕಿದ್ದರೋ! ಘಾಟ್ಕೋಪರಿನಿಂದ ಹೊರಡುವ ಮಧ್ಯಾಹ್ನದ ಒಂದೊಂದು ಗಾಡಿಯೂ ಆ ಕಾಗದದಲ್ಲಿ ಪೆನ್ನನ್ನು ಮೇಲಕ್ಕೆ ಹಾರಿಸಿತ್ತು. ವಿದ್ಯಾವಿಹಾರದಿಂದ ಹೊರಡುವವು ಕೆಳಕ್ಕೆ. ಭಾನುವಾರದ ಕಾಗದದಲ್ಲಿ ಗುಬ್ಬಿ ಕಡಿಮೆ, ಯಾಕೆಂದರೆ ಭಾನುವಾರ ಗಾಡಿ ಕಡಿಮೆ. ಸಂಜೆ ಐದರಾಚೆ ಗುಬ್ಬಿಯ ಮೇಲೆ ಗುಬ್ಬಿ. ಅದರಲ್ಲಿ ಐದೂ ಮೂವತ್ತೆಂಟು, ಅವರನ್ನು ದಿನವೂ ಮನೆಗೆ ಒಯ್ಯುವ ಗಾಡಿ, ಒಂದು ದಿನವೂ ತಪ್ಪಿರಲಿಲ್ಲ.

"ಮೇಡಮ್ಮಾರ, ಇಲ್ಲೆ ಬರ್ರಿ," ಎಂದು ಕರೆದರು. "ಇದು ಸೋರಿಕಿ ಅಲ್ರಿ. ಇದು ಟೈಮ್‌ಟೇಬಲ್."

ಅಲಮೇಲು ಅವರ ಪಕ್ಕದಲ್ಲಿ ನೆಲಕ್ಕೆ ಕೂತಳು. ಅವರು ಒಂದೊಂದೇ ಗುಬ್ಬಿಯ ಮೇಲೆ ಬೆರಳಿಟ್ಟು ಗಾಡಿಯ ಹೆಸರು ಹೇಳುತ್ತ ಹೋದರು. ಅವಳು ಮೊದಲು ತಲೆಯಾಡಿಸಿದಳು. "ರೈಲು ನೋಡಿದ್ವಲ್ಲ ಚಾಚಾ. ಶೆಡ್ಡಿನ ಮುಂದೆ ಬಂದಾಗ ಏನೂ ಆಗೋದಿಲ್ಲ."

"ಮುಂದ ಬಂದಾಗ ಅಲ್ರಿ. ಸ್ಟೇಷನ್ ಬಿಡೂವಾಗ. ಗಾಡಿ ಬಿಡೂವಾಗ ಗಾಡಿಯೊಳಗಿನ ಪಂಖಾ ಸೈತ ಒಂದ ಚಣ ಮಂದ ಆಗತಾವ, ನೀವು ನೋಡೀರಿಲ್ಲೋ? ಗಾಡಿ ಎಲ್ಲಾ ಕರೆಂಟು ಅವಾಗ ಎಳಕೊಳ್ತದ."

ಅಲಮೇಲು ಅವರ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ, "ಡಿ.ಸಿ. ಕರೆಂಟು. ಸಾವಿರಾರು ಆಂಪಿಯರು. ಅದು ಹಳೀಲಿ ಹರೀವಾಗ ಹಳಿಯ ಸುತ್ತ ಅಯಸ್ಕಾಂತ ಹುಟ್ಟುತ್ತೆ, ಅದು ಇಲ್ಲೀವರೆಗೂ ಬಂದು ಚುಕ್ಕೇನ ಜಾರಿಸುತ್ತೆ," ಎಂದಳು. ಅಯಸ್ಕಾಂತದ ಬಲ ಅಳೆಯುವ ಯಂತ್ರ ಕಪಾಟಿನಲ್ಲೇ ಇತ್ತು. ಫೆಬ್ರುವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಭೂಮಿಯ ಅಯಸ್ಕಾಂತದ ಬಲವನ್ನು ಒಂದೇ ಸಲ ಅಳೆದು, ಬಂದ ಅಂಕಿಗೆ ತಕ್ಕಂತೆ ಅದನ್ನು ರದ್ದು ಮಾಡುವ ಇನ್ನೊಂದು ಸುರುಳಿ ಸುತ್ತಿ, ಇನ್ನು ಇದರ ಕೆಲಸ ಮುಗಿಯಿತೆಂದು ಎತ್ತಿಟ್ಟಿದ್ದರು. ನಂಜುಂಡ ಈಗ ಅದನ್ನು ತಂದು ಡಬ್ಬಿಯ ಪಕ್ಕ ಇಟ್ಟ. ಮೂವರೂ ಅದರ ಮುಳ್ಳನ್ನು ನೋಡುತ್ತ ನಿಂತರು. ದೂರದಲ್ಲಿ ಗಾಡಿಯೊಂದು ಸ್ಟೇಷನ್ ಬಿಟ್ಟಿತು. ಮುಳ್ಳು ತೂಗಿತು, ಪೆನ್ನೂ ಅದರ ಜೊತೆಗೇ ಹಾರಿತು. ಜಗತ್ತಿನಲ್ಲೇ ತಪ್ಪದ ಗಡಿಯಾರ ಮಾಡಲು ಹೊರಟವರ ಪರಮಾಣುಗಳು ನಾಲ್ಕು ತಿಂಗಳಿಂದ ರೈಲಿನ ಹೊತ್ತು ತೋರಿಸುತ್ತಿದ್ದವು.

ಆದರೆ ಮುಖ್ಯಸ್ಥರನ್ನು ಒಪ್ಪಿಸಬೇಕಿತ್ತು. ಅವರು ಕೆಟ್ಟವರಲ್ಲ, ಆದರೆ ತಜ್ಞರ ವರದಿಯ ಎದುರು ಗಾಜಿನ ಕೋಣೆಯವರ ರೈಲಿನ ಮಾತು ಅವರಿಗೆ ತಮಾಷೆಯಾಗಿ ಕಂಡಿತು. ಬೇಕಾದರೆ ಶುಕ್ರವಾರ ಹನ್ನೊಂದಕ್ಕೆ ಹತ್ತು ನಿಮಿಷ ಬರುತ್ತೇನೆ ಎಂದರು. ನಿಜಾಮುದ್ದೀನರು ಒಂದು ಚೀಟಿಯಲ್ಲಿ ಐದು ಗಾಡಿಗಳ ಹೊತ್ತು ಬರೆದು, ಪ್ರತಿಯೊಂದರ ಮುಂದೆ ಮೇಲೆ ಅಥವಾ ಕೆಳಗೆ ಎಂದು ಬಾಣದ ಗುರುತು ಹಾಕಿ, ಅವರ ಕೈಗೆ ಕೊಟ್ಟರು. ಪೆನ್ನಿಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ನಿಂತರು.

ಹನ್ನೊಂದೂ ನಾಲ್ಕು, ಕೆಳಗೆ. ಪೆನ್ನು ಕೆಳಗಿಳಿಯಿತು. ಹನ್ನೊಂದೂ ಏಳು, ಮೇಲೆ. ಪೆನ್ನು ಮೇಲೇರಿತು. ಹನ್ನೊಂದೂ ಹನ್ನೊಂದು, ಮೇಲೆ. ಪೆನ್ನು ಅಲುಗಲಿಲ್ಲ.

ಒಂದು ನಿಮಿಷ ಕಳೆಯಿತು. ಎರಡು ನಿಮಿಷ. ಮುಖ್ಯಸ್ಥರು ಚೀಟಿಯನ್ನೂ ಅಲಮೇಲುವನ್ನೂ ನೋಡಿದರು. ನಿಜಾಮುದ್ದೀನರು ಗೋಡೆಯ ಕಡೆಯೇ ಮುಖವಿಟ್ಟುಕೊಂಡು ಕಿವಿಗೊಟ್ಟರು.

"ಗಾಡಿ ಲೇಟ್ ಅದ ರೀ, ಸಾಹೇಬ್ರ," ಎಂದರು. "ಇನ್ನೂ ಸ್ಟೇಷನ್ನಿಗೇ ಬಂದಿಲ್ಲ. ನಿನ್ನಿ ಮಳಿ ನೋಡ್ರಿ."

ಹನ್ನೊಂದೂ ಹದಿನಾಲ್ಕಕ್ಕೆ, ವಿದ್ಯಾವಿಹಾರದಲ್ಲಿ ನಿಲ್ಲದ ಫಾಸ್ಟ್ ಗಾಡಿಯೊಂದು ಗಡಗಡನೆ ಶೆಡ್ಡಿನ ಮುಂದೆ ಹಾದು ಘಾಟ್ಕೋಪರಿನ ಕಡೆ ಹೋಯಿತು. ಪೆನ್ನು ಸುಮ್ಮನಿತ್ತು. ಸ್ವಲ್ಪ ಹೊತ್ತಿಗೆ ಸ್ಟೇಷನ್ನಿನ ದಿಕ್ಕಿನಿಂದ ಹಾರ್ನ್ ಕೇಳಿಸಿತು. ಪೆನ್ನು ಎದ್ದು ಮೇಲಕ್ಕೆ ನಡೆಯಿತು, ಬಾಣ ತೋರಿಸಿದ ಕಡೆಗೇ. ಮುಖ್ಯಸ್ಥರು ಉಳಿದ ಎರಡು ಗಾಡಿಗಳಿಗೆ ಕಾಯಲಿಲ್ಲ. ಡಬ್ಬಿಯನ್ನು ಕೊಯ್ಯುವುದು ಬೇಡ ಎಂದರು. ತಜ್ಞರಿಗೆ ನಾನೇ ಬರೆಯುತ್ತೇನೆ ಎಂದರು. ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು.

ರೈಲನ್ನು ನಿಲ್ಲಿಸಲಾಗದು, ಆದರೆ ಅದು ಎಬ್ಬಿಸುವ ಅಯಸ್ಕಾಂತವನ್ನು ಹಿಂಬಾಲಿಸಬಹುದು. ಅಳೆಯುವ ಯಂತ್ರವನ್ನೇ ಆ ರದ್ದು ಮಾಡುವ ಸುರುಳಿಗೆ ಜೋಡಿಸಿ, ಮುಳ್ಳು ಎತ್ತ ತೂಗಿದರೂ ಸುರುಳಿಯ ಕರೆಂಟು ಅದರ ವಿರುದ್ಧ ಹೋಗುವಂತೆ ಮಾಡುವ ಉಪಾಯವನ್ನು ಅಲಮೇಲು ಶನಿವಾರವೇ ಬರೆದು ಮುಗಿಸಿದಳು. ಆಗಸ್ಟಿನ ಕೊನೆಗೆ ಚುಕ್ಕೆ ನಿಂತಲ್ಲಿ ನಿಂತು, ಕೊನೆಯ ಗೆರೆಯಿಂದ ಒಂದು ಡಿಗ್ರಿಯ ಹತ್ತು ಲಕ್ಷದಲ್ಲಿ ನಲವತ್ತು ಪಾಲಿನಷ್ಟು ಹತ್ತಿರಕ್ಕೆ ತಣ್ಣಗಾಯಿತು. ಆ ಅಂಕಿ ಅವಳ ಬದುಕಿನ ದೊಡ್ಡ ಅಂಕಿ. ಆದರೆ ನಾನು ಹೇಳಬೇಕಾದದ್ದು ಅದಕ್ಕಿಂತ ಹಿಂದಿನ ಸೋಮವಾರದ ಮಾತು, ಡಬ್ಬಿಯನ್ನು ಕೊಯ್ಯಬೇಕಿದ್ದ ಆ ಸೋಮವಾರ.

ಅಂದು ಬೆಳಿಗ್ಗೆ ಅಲಮೇಲು ಹಿಂಬದಿಯ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ನಿಜಾಮುದ್ದೀನರು ಮೇಜು ಒರೆಸುತ್ತಿದ್ದರು. ಒಲೆ ತಣ್ಣಗಿತ್ತು, ಉರಿಯ ಮೂತಿಯ ಮೇಲೆ ಮೂರು ವಾರದ ಧೂಳಿತ್ತು.

"ಆ ಕಾಗದಕ್ಕೆ ನಾನೂ ಸಹಿ ಮಾಡಿದ್ದೆ ಚಾಚಾ," ಎಂದಳು. "ನೀವು ನಿಮ್ಮ ವಹಿ ತಂದು ತೋರಿಸ್ದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ತಪ್ಪು ನನ್ನದಲ್ಲ ಅಂತ. ನನ್ನ ಕೆಲಸಾನ ಇನ್ನೊಂದ್ಸಲ ಅಳೆದು ನೋಡೋ ಬುದ್ಧಿ ಬರ್ಲಿಲ್ಲ. ನೀವು ನಿಮ್ಮ ಐಬು ಬರ್ಕೊಂಡ್ರಿ. ನಾನು ನನ್ನದನ್ನ ಬರ್ಕೊಳ್ಳಲಿಲ್ಲ. ಕ್ಷಮಿಸ್ಬೇಕು."

ನಿಜಾಮುದ್ದೀನರು ಒರೆಸುವುದನ್ನು ನಿಲ್ಲಿಸಿದರು. ಮಗಳ ವಯಸ್ಸಿನ ಹೆಣ್ಣುಮಗಳು, ಅಷ್ಟು ಓದಿದವಳು, ಬಾಗಿಲಲ್ಲಿ ಅಪರಾಧಿಯಂತೆ ನಿಂತದ್ದು ಅವರಿಗೆ ನೋಡಲಾಗಲಿಲ್ಲ.

"ನಿಮಗ ಏನ ಅನ್ನೂದ್ರಿ," ಎಂದರು. "ನನಗೇ ನಂಬಿಕಿ ಇರಲಿಲ್ಲ. ಮೂರು ವಾರ ಆತು, ನಳಿಗಿ ಬಾಯಾಗ ಇಟ್ಟಿಲ್ಲ ನಾನು. ಊದಾಕ ಅಂಜಿಕಿ ಬಂದಿತ್ತು. ಉಸಿರ ಹೋತು ಅಂತ ತಿಳದಿದ್ದೆ. ಮನ್ಯಾಗ ಆಕಿಗೂ ಹೇಳಿರಲಿಲ್ಲ ನೋಡ್ರಿ."

ಅಲಮೇಲು ಒಳಗೆ ಬಂದು ಸ್ಟೂಲು ಎಳೆದುಕೊಂಡು ಕೂತಳು. ಕೈಚೀಲದಿಂದ ಮಡಿಸಿದ ಒಂದು ಕಾಗದ ತೆಗೆದಳು, ಬಿಚ್ಚಲು ಹೋಗಿ ನಿಲ್ಲಿಸಿದಳು. ಗಡಿಯಾರದ ಮುಂದಿನ ಹೆಜ್ಜೆಗೆ ಇನ್ನೊಂದು ಡಬ್ಬಿ ಬೇಕಿತ್ತು, ಮೊದಲಿನದಕ್ಕಿಂತ ಕಷ್ಟದ್ದು. ಮುಂಬಯಿಯಲ್ಲಿ ಬೇರೆ ಯಾರನ್ನಾದರೂ ಕೇಳಬಹುದಿತ್ತು. ಮೂರು ವಾರ ಇಂಥ ನೋವು ಕೊಟ್ಟು ಮತ್ತೆ ಅವರನ್ನೇ ಕೇಳುವುದು ಹೇಗೆಂದು ಶನಿವಾರದಿಂದ ಅವಳ ತಲೆ ಬಿಸಿಯಾಗಿತ್ತು.

ನಿಜಾಮುದ್ದೀನರು ಅವಳ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಅಂಗಿಯ ತೋಳು ಮೇಲಕ್ಕೆ ಸರಿಸಿದರು. ಸಿಲಿಂಡರನ್ನು ಒಮ್ಮೆ ಅಲುಗಾಡಿಸಿ ತೂಕ ನೋಡಿ, ಕೀಲಿ ತಿರುಗಿಸಿ, ಕಡ್ಡಿ ಗೀರಿದರು. ಮೊದಲು ಹಳದಿಯಾಗಿ ಎದ್ದ ಉರಿ ಗಾಳಿ ಬಿಟ್ಟ ಮೇಲೆ ನೀಲಿಗೆ ತಿರುಗಿ ಸರ್ರೆಂದು ನಿಂತಿತು.

"ಎಷ್ಟು ಕಿಟಕಿ ಬೇಕು, ಹೇಳ್ರಿ," ಎಂದರು.